ಕಿಟ್ಟನ 45 ದಿನ

(ನಮ್ಮ ಬಡಾವಣೆಯಲ್ಲಿ ತಿಂಗಳಿಗೊಂದು ಭಾನುವಾರ ಯಾರಾದರೂ ಒಬ್ಬರು ಮಾತಾಡುತ್ತಾರೆ. ಕಳೆದ ಸಲ ನನ್ನ ಸರದಿ ಬಂತು. ಆಡಿದ್ದನ್ನು ಬರೆದು ಕೊಡಿ ಅಂತ ಒಂದಿಬ್ಬರು ಕೇಳಿದರು, ಹಾಗಾಗಿ ಇದು. ಅಲ್ಲಿ ಮರೆತಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ. ಅತ್ತೆಯವರ ಬಗ್ಗೆ ಮಾಡಿದ ಒಂದು ತಮಾಷೆಯನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇಲ್ಲಿ ನಿಂತವರು ಆದಾಯ ತೆರಿಗೆ ಬಗ್ಗೆ ಮಾತಾಡಿದರು, ಅದರ ಹಿಂದಿನವರು ಮಂಡಿನೋವಿನ ಬಗ್ಗೆ. ಎರಡೂ ಉಪಯೋಗದ ವಿಷಯ. ನಾನು ಹೇಳಲು ಹೊರಟಿರುವುದು 94 ಗ್ರಾಂ ತೂಕದ ಒಂದು ಹಕ್ಕಿಗೆ ಹುಷಾರು ತಪ್ಪಿದಾಗ ನನಗೆ ಏನಾಯಿತು ಅಂತ. ಹಕ್ಕಿಗೆ ಏನಾಯಿತು ಅನ್ನುವುದಕ್ಕಿಂತ ನನಗೇನಾಯಿತು ಅನ್ನುವುದೇ ಜಾಸ್ತಿ. ಎದ್ದು ಹೋಗುವವರು ಈಗಲೇ ಹೋಗಬಹುದು, ಕಾಫಿ ಆ ಕಡೆ ಇದೆ.

ಕಿಟ್ಟ ಒಂದು ಕಾಕಟೀಲ್, ಗಿಳಿ ಜಾತಿಯ ಸಣ್ಣ ಹಕ್ಕಿ. ಬೂದು ಬಣ್ಣ, ಹಳದಿ ಜುಟ್ಟು, ಕೆನ್ನೆಯ ಮೇಲೆ ಕುಂಕುಮ ಬಳಿದ ಹಾಗೆ ಕಿತ್ತಳೆ ಬೊಟ್ಟು. ಮೂಲ ಆಸ್ಟ್ರೇಲಿಯಾ, ಆದರೆ ಇವನು ಹುಟ್ಟಿದ್ದು ಇಲ್ಲೇ ಯಾರದೋ ತಾರಸಿಯ ಪಂಜರದಲ್ಲಿ. ಇವನ ದೊಡ್ಡ ಸಾಧನೆ ಅಂದರೆ ಕುಕ್ಕರ್ ಕೂಗು. ನಮ್ಮ ಕುಕ್ಕರ್ ಹೇಗೆ ಕೂಗುತ್ತದೋ ಹಾಗೇ ಕೂಗುತ್ತಾನೆ. ನಮ್ಮತ್ತೆ ಮೂರು ಕೂಗು ಎಣಿಸಿ ಒಲೆ ಆರಿಸುವವರು. ಇವನು ಬಂದ ಮೇಲೆ ನಮ್ಮ ಮನೆಯಲ್ಲಿ ಎಷ್ಟೋ ಸಲ ಬೇಳೆ ಬೆಂದಿಲ್ಲ.

ಎರಡು ವರ್ಷದ ಹಿಂದೆ ಡಿಸೆಂಬರ್ ಕೊನೆ. ಒಂದು ವಾರ ಮನೆ ತುಂಬಾ ಸುಮ್ಮನಿತ್ತು. ಬೇಳೆ ಚೆನ್ನಾಗಿ ಬೇಯುತ್ತಿತ್ತು. ನಿಜ ಹೇಳಬೇಕೆಂದರೆ ನಮಗೆ ಮೊದಲು ಗೊತ್ತಾಗಿದ್ದು ಅದೇ, ಸಾರು ರುಚಿಯಾಗಿದೆ ಅಂತ. ಕಿಟ್ಟ ಕೂಗುತ್ತಿಲ್ಲ ಅಂತ ಹೊಳೆದಿದ್ದು ನಾಲ್ಕು ದಿನದ ಮೇಲೆ. ಆಮೇಲೆ ನೋಡಿದರೆ ಗರಿ ಉಬ್ಬಿಸಿಕೊಂಡು ಮುದ್ದೆಯ ಹಾಗೆ ಕೂತಿದ್ದಾನೆ. ಎರಡೂ ಕಾಲು ಊರಿಕೊಂಡು ನಿದ್ದೆ ಮಾಡುತ್ತಿದ್ದಾನೆ. ಆರೋಗ್ಯವಾಗಿದ್ದಾಗ ಒಂದು ಕಾಲು ಮಡಚಿಕೊಂಡೇ ಮಲಗುತ್ತಿದ್ದ. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತಿದೆ.

ಇಲ್ಲಿ ಒಂದು ಮಾತು. ಹಕ್ಕಿ ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ಕಾಡಿನಲ್ಲಿ ಸೊರಗಿದಂತೆ ಕಂಡ ಹಕ್ಕಿಯ ಮೇಲೇ ಗಿಡುಗ ಎರಗುವುದು, ಹಾಗಾಗಿ ಕೈಲಾಗುವವರೆಗೂ ನೆಟ್ಟಗೆ ಕೂತು ನಾಟಕ ಆಡುತ್ತದೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಶುರುವಾಗಿ ಎಷ್ಟೋ ದಿನ ಆಗಿರುತ್ತದೆ. ಇದು ಗೊತ್ತಿರಬೇಕು, ಆದರೆ ಗೊತ್ತಾದ ಕೂಡಲೇ ಎದೆ ಧಸಕ್ ಅನ್ನುತ್ತದೆ. ನನಗೆ ಹಾಗೇ ಆಯಿತು. ನಾಲ್ಕು ದಿನ ಸಾರು ಹೊಗಳಿಕೊಂಡು ಕೂತಿದ್ದೆನಲ್ಲ ಅಂತ.

ಬ್ಯಾಂಕಿನಲ್ಲಿ ರಜೆ ಕೇಳಿದೆ. ಯಾಕೆ ಅಂದರು, ಹಕ್ಕಿಗೆ ಹುಷಾರಿಲ್ಲ ಅಂದೆ. ಪಕ್ಕದ ಕೌಂಟರಿನವರು ನಕ್ಕರು. "ಹಕ್ಕಿ ತಾನೇ ಮೇಡಂ, ಇನ್ನೊಂದು ತಂದರಾಯಿತು." ಅವರು ಕೆಟ್ಟವರಲ್ಲ, ನನ್ನ ಮಗಳ ಮದುವೆಗೆ ಬಂದು ಎರಡು ದಿನ ಓಡಾಡಿದವರು. ಆದರೂ ಆ ಮಾತು ಮುಳ್ಳಿನ ಹಾಗೆ ಉಳಿಯಿತು. ಅರ್ಜಿ ಹರಿದು ಹಾಕಿ "ಮನೆಯಲ್ಲಿ ಅನಾರೋಗ್ಯ" ಅಂತ ಬೇರೆ ಬರೆದುಕೊಟ್ಟೆ. ಸುಳ್ಳೇನಲ್ಲವಲ್ಲ. ಅವತ್ತಿನಿಂದ ಒಂದು ಕಲಿತೆ, ಕಷ್ಟವನ್ನು ಎಲ್ಲರ ಮುಂದೆ ಹರಡಬಾರದು. ಹಕ್ಕಿ ಸಾಕಿದ ಒಬ್ಬರೇ ಒಬ್ಬರು ಸಿಕ್ಕರೂ ಸಾಕು, ಅವರ ಹತ್ತಿರ ಹೇಳಿಕೊಳ್ಳಿ. ನನಗೆ ಸಿಕ್ಕಿದ್ದು ಮಗಳ ಗೆಳತಿ, ಇಪ್ಪತ್ತಮೂರು ವರ್ಷದ ಹುಡುಗಿ. ಅವಳು "ಆಂಟಿ, ತೂಕ ಎಷ್ಟಿದೆ?" ಅಂತ ಕೇಳಿದಳು. ಸಮಾಧಾನದ ಮಾತು ಒಂದೂ ಆಡಲಿಲ್ಲ, ಆದರೆ ಆ ಒಂದು ಪ್ರಶ್ನೆಯಿಂದ ನನಗೆ ಆದಷ್ಟು ಸಮಾಧಾನ ಯಾರಿಂದಲೂ ಆಗಲಿಲ್ಲ.

ಅಡಿಗೆಮನೆಯ ಗ್ರಾಂ ತಕ್ಕಡಿ, ಕೇಕ್ ಮಾಡುವವರು ಇಟ್ಟುಕೊಳ್ಳುತ್ತಾರಲ್ಲ, ಅದು. ಒಂದು ಡಬ್ಬಿ ಇಟ್ಟು ಸೊನ್ನೆಗೆ ತಂದು ಹಕ್ಕಿಯನ್ನು ಅದರೊಳಗೆ ಕೂರಿಸುವುದು. ಬೆಳಿಗ್ಗೆ, ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮೊದಲು. ಗರಿ ಉಬ್ಬಿದ ಹಕ್ಕಿ ದಪ್ಪಗೆ ಕಾಣುತ್ತದೆ, ಒಳಗೆ ಎದೆಮೂಳೆ ಚಾಕುವಿನ ಹಾಗೆ ಎದ್ದಿರುತ್ತದೆ. ಕಣ್ಣು ಮೋಸ ಹೋಗುತ್ತದೆ, ತಕ್ಕಡಿ ಹೋಗುವುದಿಲ್ಲ. ಕಿಟ್ಟನ ತೂಕ 82 ಇತ್ತು. ತಂದ ಹೊಸತರಲ್ಲಿ ಮಗಳು ಸುಮ್ನೆ ಆಟಕ್ಕೆ ತೂಗಿ 94 ಅಂತ ಕ್ಯಾಲೆಂಡರಿನಲ್ಲಿ ಗೀಚಿದ್ದಳು. 12 ಗ್ರಾಂ ಅಂದರೆ ನಮಗೆ ಎರಡು ಚಮಚ ಸಕ್ಕರೆ, ಅವನಿಗೆ ಎಂಟರಲ್ಲಿ ಒಂದು ಪಾಲು. ಹತ್ತನೇ ಒಂದು ಪಾಲು ಇಳಿದರೇ ಕಾಯಬಾರದು, ಹೊರಡಬೇಕು ಅಂದಳು ಆ ಹುಡುಗಿ.

ಮೊದಲು ಹೋಗಿದ್ದು ಹತ್ತಿರದ ಒಂದು ಕ್ಲಿನಿಕ್ಕಿಗೆ. ಅಲ್ಲಿ ನಾಯಿಗಳ ಸಾಲು, ಕಿಟ್ಟ ಡಬ್ಬಿಯೊಳಗೆ ನಡುಗುತ್ತಿದ್ದ. ಅವರು ದೂರದಿಂದಲೇ ನೋಡಿ, ಚಳಿಗೆ ಹಾಗಾಗುತ್ತದೆ ಅಂದು ವಿಟಮಿನ್ ಹನಿ ಬರೆದುಕೊಟ್ಟರು. ಅವರನ್ನು ಬೈಯಲಾರೆ. ಪಶುವೈದ್ಯ ಓದು ಐದೂವರೆ ವರ್ಷದ್ದು, ಅದರಲ್ಲಿ ಹಸು, ಎಮ್ಮೆ, ಕುರಿ, ಹಂದಿ, ನಾಯಿ, ಕುದುರೆ ಎಲ್ಲ ಬರಬೇಕು, ಹಕ್ಕಿ ಅಂದರೆ ಬಹುಪಾಲು ಕೋಳಿ. ಪಂಜರದ ಹಕ್ಕಿ ನೋಡುವವರು ಅದನ್ನು ಬೇರೆಯಾಗಿ, ಆಸೆಪಟ್ಟು ಕಲಿತಿರುತ್ತಾರೆ. ಹಾಗಾಗಿ ಫೋನ್ ಮಾಡಿದಾಗ ಕೇಳಬೇಕಾದ ಪ್ರಶ್ನೆ "ಹಕ್ಕಿ ನೋಡುತ್ತೀರಾ?" ಅನ್ನುವುದಲ್ಲ. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. "ವಾರಕ್ಕೆ ಎಷ್ಟು ಹಕ್ಕಿ ಬರುತ್ತವೆ ನಿಮ್ಮಲ್ಲಿ?" ಅಂತ ಕೇಳಿ. ನಾನು ಮೂರು ಕಡೆ ಕೇಳಿದ ಮೇಲೆ ಬೆಂಗಳೂರಿನ ಒಬ್ಬರು ಸಿಕ್ಕರು. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜೂ ಇದೆ, 1958ರಿಂದ ಇರುವಂಥದ್ದು, ಅಲ್ಲಿನ ಆಸ್ಪತ್ರೆಯೂ ಒಂದು ದಾರಿ.

ಹೊರಡುವ ಹಿಂದಿನ ರಾತ್ರಿ ನಮ್ಮನೆಯವರು, ಪಾಪ ಒಳ್ಳೆಯದಕ್ಕೇ, "ನೋವಿನ ಮಾತ್ರೆ ಇದೆಯಲ್ಲ, ಒಂದು ಚೂರು ನೀರಿಗೆ ಹಾಕೋಣವಾ?" ಅಂದರು. ನಾನೂ ಹೂಂ ಅನ್ನುವವಳಿದ್ದೆ. ಆ ಹುಡುಗಿಗೆ ಫೋನ್ ಮಾಡಿದರೆ ಬೈದೇಬಿಟ್ಟಳು. ಮಾರನೇ ದಿನ ಕಾರು ರಾಮನಗರ ದಾಟುವಾಗ ಬೆಟ್ಟಗಳು ಕಂಡವಲ್ಲ, ಅಲ್ಲಿ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳ ಧಾಮ ಇದೆ. ದೇಶದ ಹದ್ದುಗಳು ಯಾಕೆ ಖಾಲಿಯಾದವು ಗೊತ್ತಲ್ಲ? ದನಕ್ಕೆ ಡೈಕ್ಲೋಫಿನಾಕ್ ಅನ್ನುವ ನೋವಿನ ಔಷಧಿ ಕೊಡುತ್ತಿದ್ದರು, ಆ ದನ ಸತ್ತ ಮೇಲೆ ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಹೋಗುತ್ತಿತ್ತು. 2006ರಲ್ಲಿ ದನಗಳಿಗೆಂದು ಅದನ್ನು ತಯಾರಿಸುವುದನ್ನು ಸರ್ಕಾರ ನಿಷೇಧಿಸಿತು, ಅಷ್ಟು ಹೊತ್ತಿಗೆ ಹದ್ದು ಮುಗಿಯುತ್ತಾ ಬಂದಿತ್ತು. ನಮಗೂ ದನಕ್ಕೂ ಒಗ್ಗುವ ಮಾತ್ರೆ ಹಕ್ಕಿಗೆ ವಿಷವಾಗಬಹುದು. ಇಡೀ ದಾರಿ ನಾನು ಡಬ್ಬಿ ಮಡಿಲಲ್ಲಿಟ್ಟುಕೊಂಡು ಆ ಬೆಟ್ಟವನ್ನೇ ನೆನೆಯುತ್ತಿದ್ದೆ. ಡಬ್ಬಿಗೆ ಗಾಳಿಯ ತೂತು, ಕೆಳಗೆ ಟವೆಲ್, ಒಂದು ಹೋಳು ಸೌತೆಕಾಯಿ, ಮೇಲೆ ಹತ್ತಿಬಟ್ಟೆ. ನೀರಿನ ಬಟ್ಟಲು ಇಡಬಾರದು, ಚೆಲ್ಲಿ ಹಕ್ಕಿ ಒದ್ದೆಯಾಗುತ್ತದೆ.

ಡಾಕ್ಟರು ಹಕ್ಕಿಯನ್ನು ಮುಟ್ಟುವ ಮೊದಲು ಹತ್ತು ನಿಮಿಷ ನನ್ನನ್ನೇ ಕೇಳಿದರು. ನಾನ್‌ಸ್ಟಿಕ್ ತವಾ ಇದೆಯಾ? ಕಾದು ಸೀದರೆ ಅದರ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಹುದಂತೆ. ಊದುಬತ್ತಿ, ಸೊಳ್ಳೆಬತ್ತಿ? ಏನು ತಿನ್ನುತ್ತಾನೆ? ನವಣೆ, ಸೂರ್ಯಕಾಂತಿ ಬೀಜ ಅಂದೆ. ಬರೀ ಬೀಜ ತಿಂದರೆ ಎ ವಿಟಮಿನ್ ಸಾಲದು, ಸೊಪ್ಪು ಕೊಡಿ ಅಂದರು. ಆಮೇಲೆ ಕೇಳಿದ್ದು, "ಹೊಸ ಹಕ್ಕಿ ಏನಾದರೂ ತಂದಿರಾ?"

ತಂದಿದ್ದೆ. ಗೌರಿಹಬ್ಬದ ವಾರ, ಅವನಿಗೆ ಜೊತೆ ಬೇಕು ಅಂತ. ಹೆಸರೂ ಗೌರಿ. ತಂದ ದಿನವೇ ಒಂದೇ ಪಂಜರಕ್ಕೆ ಬಿಟ್ಟಿದ್ದೆ. ಹೊಸ ಹಕ್ಕಿಯನ್ನು ತಿಂಗಳು ಒಂದೂವರೆ ತಿಂಗಳು ಬೇರೆ ಕೋಣೆಯಲ್ಲಿ ಇಡಬೇಕು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಗೌರಿಗೆ ಏನೂ ಆಗಿರಲಿಲ್ಲ, ಕಾಯಿಲೆಯನ್ನು ಹೊತ್ತು ತಂದವಳು ಚೆನ್ನಾಗೇ ಇರಬಹುದಂತೆ. ಕಿಟ್ಟನ ಹಿಕ್ಕೆಯ ಬಿಳಿ ಭಾಗ ತಿಳಿಹಸಿರಾಗಿತ್ತು, ಅದು ಈಲಿ, ಅಂದರೆ ಲಿವರ್, ಸೋತ ಗುರುತು. ಬಾಯಿಯಿಂದ ಹತ್ತಿಕಡ್ಡಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸಿದರು. ಕೊರೋನಾ ಕಾಲದಲ್ಲಿ ನಮ್ಮ ಮೂಗಿಗೆ ಹಾಕಿದರಲ್ಲ, ಅದೇ ಪಿಸಿಆರ್. ಫಲಿತಾಂಶಕ್ಕೆ ಐದು ದಿನ.

ಆ ಐದು ದಿನ ನಾನು ಮಾಡಿದ್ದನ್ನು ಹೇಳಲು ನಾಚಿಕೆ. ಅದನ್ನು ಹೇಳಲಿಕ್ಕೇ ಬಂದಿದ್ದು ಕೂಡ.

ರಾತ್ರಿ ನಿದ್ದೆ ಇಲ್ಲ. ಫೋನಿನಲ್ಲಿ ಹುಡುಕುವುದು, ಇದ್ದಬದ್ದ ಕಾಯಿಲೆಗಳೆಲ್ಲ ಕಿಟ್ಟನಿಗೆ ಇವೆ ಅನ್ನಿಸುವುದು. ಹನ್ನೆರಡಕ್ಕೆ ಎದ್ದು ನೋಡುವುದು, ಒಂದಕ್ಕೆ ಎದ್ದು ನೋಡುವುದು. ಉಸಿರಾಡುತ್ತಿದ್ದಾನಾ ಅಂತ. ಮೂರನೇ ರಾತ್ರಿ ಮೂರು ಗಂಟೆಗೆ ಬಟ್ಟೆ ಸರಿಸಿ ಟಾರ್ಚು ಬಿಟ್ಟೆ. ಕಾಕಟೀಲ್‌ಗಳಿಗೆ ರಾತ್ರಿ ಹೊತ್ತು ಥಟ್ಟನೆ ಬೆಳಕೋ ಸದ್ದೋ ಆದರೆ ದಿಗಿಲು ಬೀಳುತ್ತವೆ, ಇದು ಅವುಗಳ ಸ್ವಭಾವ. ಪಂಜರದೊಳಗೆ ಬಡಿದುಕೊಂಡ, ಬಡಿದುಕೊಂಡ, ರೆಕ್ಕೆಯ ಎಳೆ ಗರಿಯೊಂದು ಮುರಿಯಿತು. ಬೆಳೆಯುತ್ತಿರುವ ಗರಿಯೊಳಗೆ ರಕ್ತ ಇರುತ್ತದೆ. ಕಾಗದದ ಮೇಲೆ ಕೆಂಪು ಹನಿ. ನಮ್ಮನೆಯವರು ಓಡಿ ಬಂದು ಕಾರ್ನ್‌ಫ್ಲೋರ್ ಒತ್ತಿ ಹಿಡಿದರು, ನಾನು ಫೋನಿನಲ್ಲಿ ಆ ಹುಡುಗಿಯನ್ನು ಎಬ್ಬಿಸಿದೆ. ಹಿಡಿಯುವಾಗ ಎದೆ ಅಮುಕಬೇಡಿ ಅಂದಳು. ಹಕ್ಕಿಗೆ ನಮ್ಮ ಹಾಗೆ ಎದೆ ಹೊಟ್ಟೆಯ ನಡುವೆ ಉಸಿರೆಳೆಯುವ ಪರದೆ, ಅಂದರೆ ವಪೆ, ಇಲ್ಲ, ಎದೆಗೂಡು ಮುಂದೆ ಹಿಂದೆ ಆಡಿದರೆ ಮಾತ್ರ ಉಸಿರು. ಹತ್ತು ನಿಮಿಷಕ್ಕೆ ರಕ್ತ ನಿಂತಿತು. ಕಾಯಿಲೆ ಮಾಡದ ಗಾಯವನ್ನು ನನ್ನ ಕಾಳಜಿ ಮಾಡಿತ್ತು.

ನಮ್ಮನೆಯವರು ಏನೂ ಅನ್ನಲಿಲ್ಲ. ಬೆಳಿಗ್ಗೆ ನೋಡಿದರೆ ಟಾರ್ಚಿನ ಸೆಲ್ಲು ಕಿತ್ತು ತಮ್ಮ ಜೇಬಿನಲ್ಲಿ ಇಟ್ಟುಕೊಂಡಿದ್ದರು.

ಅವತ್ತು ಕೂತು ಯೋಚಿಸಿದೆ. ಚಿಂತೆ ಮಾಡಬೇಡ ಅಂತ ಎಲ್ಲರೂ ಹೇಳುತ್ತಿದ್ದರು, ಅದು ಆಗುವ ಮಾತಲ್ಲ. ಚಿಂತೆ ಹೋಗುವುದಿಲ್ಲ, ಆದರೆ ಕೈಗೆ ಕೆಲಸ ಇಲ್ಲದ ಚಿಂತೆ ಟಾರ್ಚು ಹಿಡಿದುಕೊಂಡು ಓಡಾಡುತ್ತದೆ. ಅದಕ್ಕೆ ಹಗಲು ಹೊತ್ತಿನ ಕೆಲಸ ಕೊಡಬೇಕು, ರಾತ್ರಿ ಡ್ಯೂಟಿ ಇಲ್ಲ ಅಂತ ಹೇಳಬೇಕು. ಒಂದು ನೋಟ್‌ಬುಕ್ ತಂದೆ. ನಾನು ಬ್ಯಾಂಕಿನವಳು, ಲೆಕ್ಕ ಅಂದರೆ ನೆಮ್ಮದಿ. ಬೆಳಿಗ್ಗೆ 7ಕ್ಕೆ ತೂಕ. ತಳಕ್ಕೆ ಹಾಸಿದ ಪೇಪರ್ ಬದಲಿಸಿ ಹಿಕ್ಕೆ ಎಣಿಸಿ, ಬಣ್ಣ ಬರೆಯುವುದು. ಹಿಕ್ಕೆಯಲ್ಲಿ ಮೂರು ಭಾಗ ಇದೆ, ಗಟ್ಟಿ, ಬಿಳಿ, ನೀರು, ಮೂರನ್ನೂ ಬೇರೆ ಬೇರೆ ನೋಡಬೇಕು. ಎಷ್ಟು ಕಾಳು ಇಟ್ಟೆ, ಎಷ್ಟು ಉಳಿಯಿತು. ಕಾಯಿಲೆ ಬಿದ್ದ ಹಕ್ಕಿಗೆ ಬೆಚ್ಚಗೆ ಬೇಕು, ಹಾಗಾಗಿ ಪಂಜರದ ಒಂದು ಬದಿಗೆ ಮಾತ್ರ ಹೊರಗಿನಿಂದ ಬಲ್ಬು, ಆ ಬದಿ 30 ಡಿಗ್ರಿ ಆಸುಪಾಸು, ಸೆಖೆಯಾದರೆ ಅವನೇ ಆಚೆ ಸರಿಯಲಿ ಅಂತ. ರಾತ್ರಿ 9ಕ್ಕೆ ಬಟ್ಟೆ ಹೊದಿಸಿದರೆ ಬೆಳಿಗ್ಗೆ 6ರವರೆಗೆ ಆ ಕೋಣೆಗೆ ಹೋಗುವ ಹಾಗಿಲ್ಲ. ಹುಡುಕಾಟ ದಿನಕ್ಕೆ ಅರ್ಧ ಗಂಟೆ, ಅದೂ ಮಧ್ಯಾಹ್ನ. ಡಾಕ್ಟರಿಗೆ ಕೇಳುವ ಪ್ರಶ್ನೆಗಳನ್ನು ಹೊಳೆದಾಗಲೆಲ್ಲ ಬರೆದಿಟ್ಟು ಒಂದೇ ಸಲ ಕಳಿಸುವುದು. ಮೊದಲ ದಿನ ಹದಿನಾಲ್ಕು ಪ್ರಶ್ನೆ ಇದ್ದವು, ಕಳಿಸುವ ಹೊತ್ತಿಗೆ ಮೂರು ಉಳಿದವು.

ಐದನೇ ದಿನ ಉತ್ತರ ಬಂತು. ಸಿಟಕೋಸಿಸ್. ಇಂಗ್ಲಿಷಿನವರು ಗಿಳಿಜ್ವರ ಅಂತಲೂ ಕರೆಯುತ್ತಾರೆ. ಮನುಷ್ಯರಿಗೂ ಬರುತ್ತದೆ, ಒಣಗಿದ ಹಿಕ್ಕೆಯ ಧೂಳು ಉಸಿರಿನಲ್ಲಿ ಹೋದರೆ. 1929–30ರಲ್ಲಿ ಅಮೆರಿಕದಲ್ಲಿ ಇದು ಹರಡಿದಾಗ ಪತ್ರಿಕೆಗಳು ಎಬ್ಬಿಸಿದ ಗುಲ್ಲಿಗೆ ಹೆದರಿ ಎಷ್ಟೋ ಜನ ಸಾಕಿದ ಗಿಳಿಗಳನ್ನೇ ಹೊರಹಾಕಿದರಂತೆ. ಆಗ ಔಷಧಿ ಇರಲಿಲ್ಲ, ಈಗ ಇದೆ. ಆದರೆ ನಮ್ಮ ಮನೆಯಲ್ಲಿ 78 ವರ್ಷದ ಅತ್ತೆ, ಅವರಿಗೆ ಉಬ್ಬಸ, ಮತ್ತೆ ಆ ವಾರವೇ ಕೆಮ್ಮು.

ಇದನ್ನು ಹೇಗೆ ಹೇಳುವುದು? ನಮ್ಮ ನಾದಿನಿ ಫೋನಿನಲ್ಲೇ "ಮೊದಲು ಹಕ್ಕಿ ಆಚೆ ಕಳಿಸಿ ಅತ್ತಿಗೆ" ಅಂದರು. ತಪ್ಪೂ ಅಲ್ಲ, ಅವರ ತಾಯಿ. ಒಂದು ಕಡೆ ಹಕ್ಕಿ, ಒಂದು ಕಡೆ ಅತ್ತೆ ಅಂತ ತಕ್ಕಡಿ ಹಿಡಿದವಳ ಹಾಗೆ ನಿಂತಿದ್ದೆ. ಡಾಕ್ಟರು ದಾರಿ ಹೇಳಿದರು. ಪಂಜರ ಹಿಂದಿನ ಕೋಣೆಗೆ, ಕಿಟಕಿ ತೆರೆದು. ಪೇಪರ್ ತೆಗೆಯುವ ಮೊದಲು ನೀರು ಚಿಮುಕಿಸಿ ಒದ್ದೆ ಮಾಡಬೇಕು, ಧೂಳು ಏಳಬಾರದು. ಒಳ್ಳೆ ಮಾಸ್ಕ್, ಗ್ಲೌಸ್, ಗುಡಿಸುವ ಹಾಗಿಲ್ಲ, ಒರೆಸಬೇಕು. ಅತ್ತೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮನೆಯಲ್ಲಿ ಹಕ್ಕಿ ಇದೆ, ಅದಕ್ಕೆ ಇಂಥ ಕಾಯಿಲೆ ಅಂತ ಬಾಯಿಬಿಟ್ಟು ಹೇಳಬೇಕು. ಅದನ್ನು ಹೇಳದಿದ್ದರೆ ಯಾವ ಡಾಕ್ಟರಿಗೂ ಹೊಳೆಯುವುದಿಲ್ಲ. ಹೇಳಿದೆ. ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲ ಆಯಿತು, ಅವರದು ಬರೀ ನೆಗಡಿ ಕೆಮ್ಮು. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಅತ್ತೆ, "ಅವನಿಗೆ ಔಷಧಿ ಸಿಗುತ್ತದಾ?" ಅಂತ ಕೇಳಿದರು. ನಾನು ಆ ದಿನದವರೆಗೆ ಅವರಿಗೆ ಕಿಟ್ಟನೆಂದರೆ ಆಗದು ಅಂತಲೇ ತಿಳಿದಿದ್ದೆ.

ಔಷಧಿ ಡಾಕ್ಸಿಸೈಕ್ಲಿನ್, 45 ದಿನ, ಎರಡೂ ಹಕ್ಕಿಗಳಿಗೆ. ಯಾಕೆ ಅಷ್ಟು ಉದ್ದ ಅಂದರೆ ಈ ರೋಗಾಣು ಜೀವಕೋಶದ ಒಳಗೇ ಅಡಗಿ ಕೂರುತ್ತದೆ. ಅದು ಬೆಳೆಯುವಾಗ ಮಾತ್ರ ಔಷಧಿ ತಾಗುತ್ತದೆ, ಸುಮ್ಮನೆ ಕೂತಾಗ ಇಲ್ಲ. ಹತ್ತು ದಿನಕ್ಕೆ ಹುಷಾರಾದಂತೆ ಕಂಡರೂ ನಿಲ್ಲಿಸಬಾರದು. ಪ್ರಮಾಣ ನಾನು ಹೇಳುವುದಿಲ್ಲ, ಕೇಳಬೇಡಿ, ಗ್ರಾಂ ಲೆಕ್ಕದಲ್ಲಿ ಡಾಕ್ಟರೇ ಅಳೆದು ಕೊಡಬೇಕು. ಪಂಜರದಿಂದ ಕಟಲ್‌ಬೋನ್, ಅಂದರೆ ಹಕ್ಕಿ ಕಚ್ಚಲಿ ಅಂತ ಸಿಕ್ಕಿಸುವ ಬಿಳಿ ಚಿಪ್ಪು, ತೆಗೆಸಿದರು, ಅದರ ಕ್ಯಾಲ್ಸಿಯಂ ಔಷಧಿಯನ್ನು ಹಿಡಿದುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ಸೂಜಿಯಿಲ್ಲದ ಸಿರಿಂಜು, ಕೊಕ್ಕಿನ ಬದಿಯಿಂದ, ಹನಿ ಹನಿಯಾಗಿ. ರಭಸದಿಂದ ಬಿಟ್ಟರೆ ಶ್ವಾಸಕ್ಕೆ ಹೋಗಿ ಬೇರೆ ಗಂಡಾಂತರ. ಮೊದಲ ವಾರ ಅರ್ಧ ಔಷಧಿ ನನ್ನ ಸೀರೆಗೆ. ಅವನು ನನ್ನನ್ನು ಕಂಡರೆ ಜುಟ್ಟು ಹಿಂದಕ್ಕೆ ಮಲಗಿಸಿ ಬುಸ್ ಅನ್ನುತ್ತಿದ್ದ. ಅದು ಬಹಳ ನೋಯಿಸಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನಮ್ಮನೆಯವರು ಹಿಡಿಯುವುದು, ನಾನು ಹಾಕುವುದು, ಕೂಡಲೇ ಅತ್ತೆ ಬಾಗಿಲ ಆಚೆಯಿಂದ ಅವನ ಹತ್ತಿರ ಮಾತಾಡುವುದು ಅಂತ ಒಂದು ಏರ್ಪಾಡಾಯಿತು. ಮನೆಯಲ್ಲಿ ಒಬ್ಬರಾದರೂ ಔಷಧಿ ಹಾಕದವರು ಇರಬೇಕು.

ತೂಕ ನೇರವಾಗಿ ಏರಲಿಲ್ಲ. 82, 81, 83, 82, 84. ದಿನಾ ನೋಡಿದರೆ ಒಂದು ದಿನ ಹಬ್ಬ, ಒಂದು ದಿನ ಸೂತಕ. ಒಂಬತ್ತನೇ ದಿನ 80ಕ್ಕೆ ಇಳಿಯಿತು, ಡಾಕ್ಟರಿಗೆ ಫೋನ್ ಮಾಡಿ, ಎಷ್ಟರವರೆಗೆ ಮಾಡುವುದು, ಯಾವಾಗ ಸಾಕು ಅನ್ನಬೇಕು ಅಂತ ಕೇಳಿಯೇಬಿಟ್ಟೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ತಾನಾಗೇ ತಿನ್ನುತ್ತಾನಾ, ಕೋಲಿನ ಮೇಲೆ ಕೂರುತ್ತಾನಾ, ಗರಿ ತೀಡಿಕೊಳ್ಳುತ್ತಾನಾ, ಈ ಮೂರು ನೋಡಿ, ಮೂರೂ ನಿಂತ ದಿನ ಮಾತಾಡೋಣ ಅಂದರು. ನೋಟ್‌ಬುಕ್‌ನಲ್ಲಿ ಇನ್ನು ಮೂರು ಗೆರೆ ಹಾಕಿದೆ. ಆ ಪ್ರಶ್ನೆ ಕೇಳಿದ್ದಕ್ಕೆ ನನಗೆ ಪಾಪಪ್ರಜ್ಞೆ ಇತ್ತು, ಕೇಳಿದ ರಾತ್ರಿಯೇ ಮೊದಲ ಸಲ ನಿದ್ದೆ ಬಂತು. 2016ರಲ್ಲಿ ನಮ್ಮ ಲವ್ ಬರ್ಡ್ಸ್ ಜೋಡಿಯಲ್ಲಿ ಒಂದು ಯಾವ ಪ್ರಶ್ನೆಗೂ ಅವಕಾಶ ಕೊಡದೆ ಬೆಳಗಾಗುವಷ್ಟರಲ್ಲಿ ಹೋಗಿತ್ತು, ಕರಿಬೇವಿನ ಗಿಡದ ಕೆಳಗೆ ಮಣ್ಣು ಮಾಡಿದ್ದೆವು. ಯಾಕೆ ಸತ್ತಿತು ಅಂತ ಇವತ್ತಿಗೂ ಗೊತ್ತಿಲ್ಲ, ಆ ಗೊತ್ತಿಲ್ಲದಿರುವುದು ಇನ್ನೂ ಕೊರೆಯುತ್ತದೆ. ಈ ಸಲ ಏನಾದರೂ ಆದರೆ ಗೊತ್ತಿದ್ದು ಆಗುತ್ತದೆ ಅನ್ನಿಸಿತು.

ಹತ್ತೊಂಬತ್ತನೇ ದಿನ ಹಿಂದಿನ ಕೋಣೆಯಿಂದ ಕುಕ್ಕರ್ ಕೂಗಿತು. ಅರ್ಧ ಕೂಗು, ಗಂಟಲು ಕಟ್ಟಿದ ಕುಕ್ಕರ್. ಅತ್ತೆ ಅಡಿಗೆಮನೆಯಲ್ಲಿ ಎದ್ದು ನಿಂತರು, ಒಲೆಯ ಮೇಲೆ ಏನೂ ಇರಲಿಲ್ಲ.

45 ದಿನ ಮುಗಿದು, ಮತ್ತೆ ಪರೀಕ್ಷೆಯಾಗಿ, ಈಗ ಇಬ್ಬರೂ ಚೆನ್ನಾಗಿದ್ದಾರೆ. ಖರ್ಚು ಎಲ್ಲ ಸೇರಿ ಹದಿನಾಲ್ಕು ಸಾವಿರ. ಕಿಟ್ಟನನ್ನು ಕೊಂಡಿದ್ದು ಎರಡೂವರೆ ಸಾವಿರಕ್ಕೆ. ಬ್ಯಾಂಕಿನವಳಾಗಿ ಈ ಲೆಕ್ಕ ನನಗೆ ಅರ್ಥವಾಗುತ್ತದೆ, ಆದರೂ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆಯುವುದಿಲ್ಲ. ಇಷ್ಟು ಖರ್ಚು ಮಾಡಲಾಗದವರು ಪ್ರೀತಿ ಕಮ್ಮಿ ಇರುವವರು ಅಂತಲೂ ಅಲ್ಲ. ಮೊದಲೇ ಡಾಕ್ಟರಿಗೆ ನನ್ನ ಕೈಲಾಗುವುದು ಇಷ್ಟು ಅಂತ ಹೇಳಿ, ಅದರೊಳಗೆ ಯಾವುದು ಮುಖ್ಯ ಅಂತ ಅವರೇ ಹೇಳುತ್ತಾರೆ.

ಮಾತು ಮುಗಿದ ಮೇಲೆ ಒಬ್ಬರು ನಮ್ಮದು ಹಸಿರು ಗಿಳಿ, ಡಾಕ್ಟರ ಹತ್ತಿರ ಒಯ್ಯಲು ಭಯ ಅಂದರು. ಭಯ ಸರಿಯೇ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದೇ ತಪ್ಪು. ಆದರೆ ಆ ಭಯಕ್ಕೆ ಅದು ಒಳಗೇ ನರಳುವುದು ಇನ್ನೂ ದೊಡ್ಡ ತಪ್ಪು. ಕೆಂಗೇರಿಯ ಹತ್ತಿರ ಪೀಪಲ್ ಫಾರ್ ಅನಿಮಲ್ಸ್‌ನವರ ಕಾಡುಪ್ರಾಣಿ ಆಸ್ಪತ್ರೆ ಇದೆ, ಅರಣ್ಯ ಇಲಾಖೆ ಇದೆ, ಒಪ್ಪಿಸಿಬಿಡಿ ಅಂದೆ. ಅವರಿಗೆ ಇಷ್ಟವಾದಂತೆ ಕಾಣಲಿಲ್ಲ.

ಕೊನೆಗೆ ಹಿಂದಿನ ಸಾಲಿನ ಅಜ್ಜಿಯೊಬ್ಬರು ಎದ್ದರು. "ನಮ್ಮದು ಹಕ್ಕಿಯಲ್ಲಮ್ಮ, ನಾಟಿಕೋಳಿ. ಮೂರು ದಿನದಿಂದ ಗರಿ ಉಬ್ಬಿಸಿ ಕೂತಿದೆ. ನೀನು ಹೇಳಿದ ಹಾಗೇ. ಕೋಳಿಗೂ ಡಾಕ್ಟರು ಬರ್ತಾರಾ?" ಕೆಲವರು ನಕ್ಕರು. 1962ಕ್ಕೆ ಫೋನ್ ಮಾಡಿದರೆ ಪಶುವೈದ್ಯರ ವ್ಯಾನ್ ಬಗ್ಗೆ ಹೇಳುತ್ತಾರೆ ಅಂದೆ. ಅಜ್ಜಿಯ ಹತ್ತಿರ ಫೋನ್ ಇರಲಿಲ್ಲ, ನಾನೇ ಮಾಡಿದೆ. ಆಮೇಲೆ ಕಾಫಿ ಬಿಟ್ಟು ಅವರ ಜೊತೆ ಮನೆಗೆ ಹೋದೆ, ತಕ್ಕಡಿ ನನ್ನ ಬ್ಯಾಗಿನಲ್ಲೇ ಇತ್ತು. ಆದರೆ ಕೋಳಿ ಅದರ ಮೇಲೆ ಹಿಡಿಸಲಿಲ್ಲ.